ಚಾನೆಲ್ಲಿಗೂ ಪ್ಲಾಟ್‌ಫಾರ್ಮಿಗೂ ಜಗಳ, ನಡುವೆ ನಮ್ಮ ಹಾಡು

ಯೂಟ್ಯೂಬಿನಲ್ಲಿ ಒಂದು ಬಗೆಯ ಚಾನೆಲ್‌ಗಳಿವೆ. ಅವರು ಸ್ವಂತ ಹಾಡು ಮಾಡುವುದಿಲ್ಲ. ಬೇರೆಯವರ ಹಾಡನ್ನು ಒಪ್ಪಿಗೆ ಪಡೆದು, ಚೆಂದದ ಒಂದು ಚಿತ್ರದ ಜೊತೆ ಹಾಕುತ್ತಾರೆ. ಮಳೆ ಬೀಳುವ ಕಿಟಕಿಯೋ, ರಾತ್ರಿ ರೈಲೋ ಇರುತ್ತದೆ. ಕೇಳುವವರು ಲಕ್ಷಗಟ್ಟಲೆ. ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಚಾನೆಲ್‌ನವರಿಗೆ, ಹೆಸರು ಹಾಡಿದವರಿಗೆ. ಇವನ್ನು ಮ್ಯೂಸಿಕ್ ಪ್ರಮೋಷನ್ ಚಾನೆಲ್ ಅನ್ನುತ್ತಾರೆ.

ಇಂಥ ಚಾನೆಲ್‌ಗಳಿಗೆ ದಿನಾ ರಾಶಿ ರಾಶಿ ಹಾಡು ಬರುತ್ತವೆ. ಅಷ್ಟನ್ನೂ ಇಮೇಲಿನಲ್ಲಿ ನೋಡಿ ಮುಗಿಸಲು ಆಗುವುದಿಲ್ಲ. ಹಾಗಾಗಿ ನಡುವೆ ಸಬ್ಮಿಷನ್ ಪ್ಲಾಟ್‌ಫಾರ್ಮ್‌ಗಳು ಹುಟ್ಟಿಕೊಂಡವು. ಸಬ್ಮಿಟ್‌ಹಬ್ 2015ರಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಜೇಸನ್ ಗ್ರಿಷ್ಕಾಫ್ ಸ್ವತಃ ಇಂಡೀ ಶಫಲ್ ಅನ್ನುವ ಸಂಗೀತದ ತಾಣ ನಡೆಸುತ್ತಿದ್ದವರು. ಫ್ರಾನ್ಸಿನ ಗ್ರೂವರ್ ಬಂದಿದ್ದು 2018ರಲ್ಲಿ. ಎರಡರ ಪದ್ಧತಿಯೂ ಹೆಚ್ಚುಕಡಿಮೆ ಒಂದೇ. ನಾವು ಕ್ರೆಡಿಟ್, ಅಂದರೆ ಮೊದಲೇ ದುಡ್ಡು ಕೊಟ್ಟು ಪಡೆಯುವ ಟೋಕನ್, ಕೊಂಡು ಹಾಡು ಕಳಿಸಬೇಕು. ಆ ಕಡೆ ಇರುವ ಕ್ಯುರೇಟರ್, ಅಂದರೆ ಹಾಡು ಆರಿಸುವವರು, ಕೇಳಿ ಇಂತಿಷ್ಟು ಸಮಯದೊಳಗೆ ಉತ್ತರ ಕೊಡಬೇಕು. ಗ್ರೂವರ್‌ನಲ್ಲಿ 7 ದಿನದೊಳಗೆ ಉತ್ತರ ಬರದಿದ್ದರೆ ಕ್ರೆಡಿಟ್ ವಾಪಸ್. ನಾನು ಹೋಗಿದ್ದು ಇವೆರಡೂ ಅಲ್ಲದ, ಇದೇ ತರಹದ ಇನ್ನೊಂದಕ್ಕೆ. ಅದರ ಹೆಸರಾಗಲಿ, ಚಾನೆಲ್‌ನ ಹೆಸರಾಗಲಿ ಇಲ್ಲಿ ಬೇಡ. ಅವರ ನಡುವೆ ಏನು ನಡೆಯಿತು, ನಡುವೆ ಸಿಕ್ಕಿಕೊಂಡ ಹಾಡಿಗೆ ಏನಾಯಿತು ಅನ್ನುವುದನ್ನು ಮಾತ್ರ ಬರೆಯುತ್ತೇನೆ. ಶಿವಮೊಗ್ಗದಿಂದಲೋ ಬೀದರ್‌ನಿಂದಲೋ ಹಾಡು ಕಳಿಸಲು ಹೊರಟಿರುವ ನಮ್ಮವರಿಗೆ ಇದು ಗೊತ್ತಿರಲೇಬೇಕು.

ಹಾಡಿನ ಸಾಹಿತ್ಯ ತೀರ್ಥಹಳ್ಳಿಯ ಒಬ್ಬ ನಿವೃತ್ತ ಮೇಷ್ಟ್ರದ್ದು. ರಾಗ ಹಾಕಿ ಹಾಡಿದ್ದು ನಾನು. ಗಿಟಾರು, ಕೊಳಲು ಬಿಟ್ಟರೆ ಬೇರೆ ವಾದ್ಯ ಇಲ್ಲ. ಯಾರದೋ ಲೂಪ್ (ಮತ್ತೆ ಮತ್ತೆ ಬರುವಂತೆ ಹಾಕುವ ಸಿದ್ಧ ಸಂಗೀತದ ತುಣುಕು), ರೆಡಿಮೇಡ್ ಬೀಟ್ ಯಾವುದನ್ನೂ ಬಳಸಿರಲಿಲ್ಲ. ಈ ಮಾತು ಮುಂದೆ ಬಹಳ ಮುಖ್ಯವಾಗುತ್ತದೆ. ಸಿನಿಮಾದ ಹಾಡಲ್ಲ, ಹಿಂದೆ ಲೇಬಲ್ (ಸಂಗೀತ ಕಂಪನಿ) ಇಲ್ಲ. ಕನ್ನಡದಲ್ಲಿ ಇಂಥ ಹಾಡನ್ನು ಕೇಳಿಸಲು ಜಾಗ ಕಡಿಮೆ. ಭಾಷೆ ಗೊತ್ತಿಲ್ಲದವರೂ ರಾಗಕ್ಕಾಗಿ ಕೇಳಬಹುದು ಅನ್ನಿಸಿತು, ಅದಕ್ಕೇ ಹೊರಗಿನ ಚಾನೆಲ್‌ಗಳ ಕಡೆ ನೋಡಿದೆ.

ಮೊದಲ ಕೆಲಸ ಡಿಸ್ಟ್ರಿಬ್ಯೂಟರ್. ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್‌ಗೆ ನಮ್ಮಂಥವರ ಹಾಡು ಹೋಗುವುದು ಅವರ ಮೂಲಕವೇ. ಅಪ್‌ಲೋಡ್ ಮಾಡಿದಾಗ ಹಾಡಿಗೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಸಿಕ್ಕಿತು. ಆ ರೆಕಾರ್ಡಿಂಗ್ ಯಾವುದು ಅಂತ ಗುರುತು ಹಿಡಿಯುವ ಸಂಖ್ಯೆ ಅದು. ಆಮೇಲೆ ಕಂಟೆಂಟ್ ಐಡಿಗೆ ಸೇರಿಸಬೇಕಾ ಅಂತ ಕೇಳಿದರು. ಹೌದು ಅಂದೆ.

ಕಂಟೆಂಟ್ ಐಡಿ ಯೂಟ್ಯೂಬ್ 2007ರಲ್ಲಿ ತಂದ ವ್ಯವಸ್ಥೆ. ನಮ್ಮ ಹಾಡಿನ ಒಂದು ಪ್ರತಿಯನ್ನು ಡಿಸ್ಟ್ರಿಬ್ಯೂಟರ್ ಅಲ್ಲಿ ಇಡುತ್ತಾರೆ. ಯಾರೇ ವಿಡಿಯೊ ಹಾಕಿದರೂ ಯಂತ್ರ ಅದರ ಸದ್ದನ್ನು ಈ ಪ್ರತಿಯ ಜೊತೆ ಹೋಲಿಸಿ ನೋಡುತ್ತದೆ. ಹೊಂದಿದರೆ ಕ್ಲೇಮ್, ಅಂದರೆ ಈ ಹಾಡಿನ ಹಕ್ಕು ನಮ್ಮದು ಅನ್ನುವ ದಾವೆ, ಬೀಳುತ್ತದೆ. ಆಗ ಹಕ್ಕುದಾರರು ವಿಡಿಯೊ ತಡೆಯಬಹುದು, ಅದರ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದು, ಇಲ್ಲ ಎಷ್ಟು ಜನ ನೋಡಿದರು ಅಂತ ಸುಮ್ನೆ ಲೆಕ್ಕ ಇಡಬಹುದು. ಲೂಪ್ ಬಳಸಿದ ಹಾಡನ್ನು ಇದಕ್ಕೆ ಸೇರಿಸಲು ಬಿಡುವುದಿಲ್ಲ, ಯಾಕೆಂದರೆ ಅದೇ ಲೂಪ್ ಇನ್ನೂ ನೂರು ಜನರ ಹಾಡಿನಲ್ಲಿರುತ್ತದೆ. ನಮ್ಮ ಹಾಡಿಗೆ ಆ ತೊಂದರೆ ಇರಲಿಲ್ಲ. ಯಾರಾದರೂ ಕದ್ದು ಹಾಕಿದರೆ ರಕ್ಷಣೆ ಬೇಕಲ್ವಾ? ಇವತ್ತಿಗೂ ನಾನು ಅದನ್ನು ಸೇರಿಸಿಯೇ ಸೇರಿಸುತ್ತೇನೆ.

ಕ್ರೆಡಿಟ್ ಕೊಳ್ಳುವುದು ಒಂದು ಸಣ್ಣ ರಗಳೆ. ಹೊಸ ಕಾರ್ಡಿನಲ್ಲಿ ವಿದೇಶಿ ಪಾವತಿ ಆಫ್ ಆಗಿಯೇ ಬರುತ್ತದೆ, 2020ರಿಂದ ಆರ್‌ಬಿಐ ನಿಯಮ ಹಾಗಿದೆ. ಬ್ಯಾಂಕಿನ ಆ್ಯಪಿನಲ್ಲಿ ಆನ್ ಮಾಡಬೇಕು. ಅದು ಮುಗಿದ ಮೇಲೆ ಪಟ್ಟಿ ತೆರೆದೆ. ಭಾಷೆಯ ಖಾನೆಯಲ್ಲಿ ಕನ್ನಡ ಇರಲಿಲ್ಲ. ಹಿಂದಿ ಇತ್ತು, ಕೊನೆಯಲ್ಲಿ ‘ಇತರೆ’ ಇತ್ತು. ಇತರೆ ಒತ್ತಿ, ಟಿಪ್ಪಣಿಯಲ್ಲಿ ಇದು ಕನ್ನಡ ಅಂತ ಬರೆದು, ಸಾಹಿತ್ಯದ ಭಾವವನ್ನು ನಾಲ್ಕು ಸಾಲಿನಲ್ಲಿ ಕೊಟ್ಟೆ.

ಜಾಸ್ತಿ ಉತ್ತರಗಳು ‘ಬೇಡ’ ಅಂತಲೇ ಬಂದವು. ದನಿ ಚೆನ್ನಾಗಿದೆ, ನಮ್ಮ ಪಟ್ಟಿಗೆ ಹೊಂದುವುದಿಲ್ಲ. ಕೊಳಲು ಇಷ್ಟವಾಯಿತು, ಕೇಳುಗರಿಗೆ ಭಾಷೆ ಅಡ್ಡ ಬರಬಹುದು. ಇಂಥವು. ಬೇಜಾರಾಗಲಿಲ್ಲ. ಯಾರೋ ಕೇಳಿದರಲ್ಲ, ಅದೇ ದೊಡ್ಡದು. ಒಬ್ಬರು ಮಾತ್ರ ಪ್ಲಾಟ್‌ಫಾರ್ಮಿನಲ್ಲಿ ಒಪ್ಪಿ, ಮರುದಿನ ಇನ್‌ಸ್ಟಾಗ್ರಾಮಿನಲ್ಲಿ ಮೆಸೇಜ್ ಮಾಡಿದರು. ಇಂತಿಷ್ಟು ಡಾಲರ್ ಕೊಟ್ಟರೆ ಈ ವಾರವೇ ಹಾಕುತ್ತೇವೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯಬೇಕು. ಅದರ ಸ್ಕ್ರೀನ್‌ಶಾಟ್ ತೆಗೆದು ಪ್ಲಾಟ್‌ಫಾರ್ಮಿಗೆ ಕಳಿಸಿದೆ. ಅವರು ಆ ಕ್ಯುರೇಟರನ್ನು ಪಟ್ಟಿಯಿಂದ ತೆಗೆದರು, ನನ್ನ ಕ್ರೆಡಿಟ್ ಮರಳಿಸಿದರು. ಅಷ್ಟು ಚುರುಕಾಗಿ ಮಾಡಿದ್ದಕ್ಕೆ ಅವರಿಗೆ ನಿಜಕ್ಕೂ ಮೆಚ್ಚುಗೆ ಹೇಳಬೇಕು.

ಅವರು ಇದರಲ್ಲಿ ಇಷ್ಟು ಬಿಗಿಯಾಗಿರುವುದಕ್ಕೆ ಹಳೆಯ ಕಾರಣ ಇದೆ. ಅಮೆರಿಕದಲ್ಲಿ 1950ರ ದಶಕದಲ್ಲಿ ರೇಡಿಯೊದವರು ಗುಟ್ಟಾಗಿ ದುಡ್ಡು ತೆಗೆದುಕೊಂಡು ಹಾಡು ಹಾಕುತ್ತಿದ್ದರು. ಪೇಯೋಲಾ ಅನ್ನುತ್ತಿದ್ದರು ಅದಕ್ಕೆ. ಆ ವಿಷಯಕ್ಕೆ ಅಲ್ಲಿನ ಸಂಸತ್ತಿನಲ್ಲಿ ವಿಚಾರಣೆ ನಡೆದು, 1960ರಲ್ಲಿ ಕಾನೂನು ತಿದ್ದಿದರು. ಸ್ಪಾಟಿಫೈ ಕೂಡ ದುಡ್ಡು ಪಡೆದು ಪ್ಲೇಲಿಸ್ಟಿಗೆ ಹಾಡು ಸೇರಿಸುವುದನ್ನು ಒಪ್ಪುವುದಿಲ್ಲ. ಆದ್ದರಿಂದ ಸಬ್ಮಿಷನ್ ಪ್ಲಾಟ್‌ಫಾರ್ಮ್‌ಗಳು ಒಂದು ಗೆರೆ ಎಳೆದುಕೊಂಡಿವೆ: ನೀವು ಕೊಡುವ ದುಡ್ಡು ಕೇಳಿಸಿಕೊಂಡು ಉತ್ತರ ಕೊಡುವುದಕ್ಕೆ, ಹಾಕುವುದಕ್ಕಲ್ಲ. ಆ ಗೆರೆ ಅಳಿಸಿದರೆ ಅವರ ವ್ಯವಹಾರವೇ ಉಳಿಯುವುದಿಲ್ಲ. ಅವರ ಸಿಟ್ಟು ಅರ್ಥವಾಗುತ್ತದೆ.

ಆಮೇಲೆ ಆ ದೊಡ್ಡ ಚಾನೆಲ್‌ನಿಂದ ಒಪ್ಪಿಗೆ ಬಂತು. ಯುರೋಪಿನದು, ಮೆಲು ದನಿಯ ಹಾಡುಗಳಿಗೇ ಹೆಸರಾದದ್ದು. ನಡೆಸುವವರು ಇಬ್ಬರು ಗೆಳೆಯರು. ತುಂಬಾ ಸಭ್ಯವಾಗಿ ಬರೆದರು. ಕಂಟೆಂಟ್ ಐಡಿ ಇದ್ದರೆ ನಮ್ಮ ಚಾನೆಲ್ಲನ್ನು ದಯವಿಟ್ಟು ವೈಟ್‌ಲಿಸ್ಟ್ ಮಾಡಿಸಿ ಅಂತ ಕೇಳಿದರು. ಅಂದರೆ, ಈ ಚಾನೆಲ್‌ಗೆ ಅನುಮತಿ ಇದೆ, ಇದರ ಮೇಲೆ ಕ್ಲೇಮ್ ಹಾಕಬೇಡಿ ಅಂತ ಡಿಸ್ಟ್ರಿಬ್ಯೂಟರ್ ಕಡೆಯಿಂದ ಹೇಳಿಸುವುದು. ಅದೇ ದಿನ ಡಿಸ್ಟ್ರಿಬ್ಯೂಟರ್‌ನ ಫಾರ್ಮ್ ತುಂಬಿದೆ. ಚಾನೆಲ್‌ನ ಹೆಸರು ಸಾಲದು, ‘ಯುಸಿ’ ಅಂತ ಶುರುವಾಗುವ ಉದ್ದನೆಯ ಐಡಿ ಬೇಕು. ಅದನ್ನೂ ಕೇಳಿ ಪಡೆದು ಹಾಕಿದೆ. ಕೆಲವು ಕೆಲಸದ ದಿನಗಳಲ್ಲಿ ಆಗುತ್ತದೆ ಅಂತ ಉತ್ತರ ಬಂತು. ಚಾನೆಲ್‌ನವರಿಗೆ ಇದನ್ನು ತಿಳಿಸಿದೆ. ಆದರೆ ಅವರಿಗೆ ಪ್ಲಾಟ್‌ಫಾರ್ಮಿನ ಗಡುವಿತ್ತು. ಒಪ್ಪಿದ ಮೇಲೆ ಇಷ್ಟು ದಿನದೊಳಗೆ ಹಾಕಿ ಲಿಂಕ್ ಕೊಡಬೇಕು. ಗಡುವು ಹತ್ತಿರ ಬಂತು, ಅವರು ಹಾಕಿದರು. ವೈಟ್‌ಲಿಸ್ಟ್ ಇನ್ನೂ ಆಗಿರಲಿಲ್ಲ.

ಹಾಕಿದ ಸಂಜೆಯೇ ಕ್ಲೇಮ್ ಬಿತ್ತು.

ಅವರು ಕಳಿಸಿದ ಸ್ಕ್ರೀನ್‌ಶಾಟನ್ನು ನಾನು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ. ಯೂಟ್ಯೂಬ್ ಸ್ಟುಡಿಯೊದ ಪುಟ. ಎಡಕ್ಕೆ ನಮ್ಮ ಹಾಡಿನ ವಿಡಿಯೊ, ಪಕ್ಕದಲ್ಲಿ ‘ಕಾಪಿರೈಟ್’ ಅನ್ನುವ ಪದ. ಒತ್ತಿದರೆ ವಿವರ ತೆರೆಯುತ್ತದೆ. ಹಾಡಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಒಂದು ಕಡೆ ದೀರ್ಘ ತಪ್ಪಿ. ಎಲ್ಲಿಂದ ಎಲ್ಲಿಯವರೆಗೆ ಹೊಂದಿದೆ ಅಂದರೆ ಮೊದಲ ಸೆಕೆಂಡಿನಿಂದ ಕೊನೆಯವರೆಗೆ. ಕೆಳಗೆ ಹಕ್ಕು ಕೇಳುತ್ತಿರುವವರು ಯಾರು ಅನ್ನುವ ಜಾಗದಲ್ಲಿ ಒಂದು ವಿದೇಶಿ ಕಂಪನಿಯ ಹೆಸರು, ಯಾರದೋ ಪರವಾಗಿ ಅಂತ ಮತ್ತೊಂದು ಹೆಸರು. ನನ್ನ ಹೆಸರಿಲ್ಲ. ಮೇಷ್ಟ್ರ ಹೆಸರಿಲ್ಲ. ಹಾಡು ನಮ್ಮದು, ಕ್ಲೇಮ್ ನಮ್ಮ ಪರವಾಗಿಯೇ ಬಿದ್ದಿದೆ, ಆದರೆ ಆ ಪುಟದಲ್ಲಿ ನಾವಿಬ್ಬರೂ ಎಲ್ಲೂ ಇಲ್ಲ. ಚಾನೆಲ್‌ನವರು ಕೇಳಿದ್ದೂ ಅದನ್ನೇ: ಹಾಡನ್ನು ಬೇರೆ ಕಂಪನಿಗೆ ಮಾರಿದ್ದೀರಾ? ಹಾಗಿದ್ದರೆ ನಮಗೆ ಅನುಮತಿ ಕೊಡಲು ನೀವು ಯಾರು?

ಅವರ ಭಯ ಸುಳ್ಳಲ್ಲ. ಕಂಟೆಂಟ್ ಐಡಿ ಕ್ಲೇಮ್ ಬಿದ್ದರೆ ದುಡ್ಡು ಹೋಗುತ್ತದೆ, ಚಾನೆಲ್ ಹೋಗುವುದಿಲ್ಲ. ಆದರೆ ಅದನ್ನು ಪ್ರಶ್ನಿಸಿ, ಎದುರಿನವರು ಒಪ್ಪದೆ, ಮೇಲ್ಮನವಿಯವರೆಗೆ ಹೋಗಿ, ಅವರು ವಿಡಿಯೊ ತೆಗೆಸಿದರೆ ಸ್ಟ್ರೈಕ್, ಅಂದರೆ ಕಾಪಿರೈಟ್ ಮೀರಿದ್ದಕ್ಕೆ ಚಾನೆಲ್ ಮೇಲೆ ಒಂದು ಕಪ್ಪು ಗುರುತು, ಬೀಳುತ್ತದೆ. 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಮುಚ್ಚಬಹುದು. ವರ್ಷಗಟ್ಟಲೆ ಕಟ್ಟಿದ್ದು ಒಂದೇ ಸಲಕ್ಕೆ ಹೋಗುತ್ತದೆ. 2022ರ ಜುಲೈನಲ್ಲಿ, ಹಗಲು ರಾತ್ರಿ ಲೈವ್ ಸಂಗೀತ ಹಾಕುವ ಲೋಫೈ ಗರ್ಲ್ ಚಾನೆಲ್‌ಗೆ ಆಗಿದ್ದು ಎಲ್ಲರಿಗೂ ಗೊತ್ತಿದೆ. ಸುಳ್ಳು ಕಾಪಿರೈಟ್ ದೂರಿನಿಂದ ಅವರ ಲೈವ್ ನಿಂತೇ ಹೋಗಿತ್ತು. ದೂರು ದುರುದ್ದೇಶದ್ದು ಅಂತ ಯೂಟ್ಯೂಬ್ ಒಪ್ಪಿಕೊಂಡು ಸರಿಮಾಡಿತು. ಅಷ್ಟು ದೊಡ್ಡ ಚಾನೆಲ್‌ಗೇ ಹಾಗಾದರೆ ಇಬ್ಬರು ಗೆಳೆಯರು ನಡೆಸುವ ಚಾನೆಲ್ಲಿನ ಪಾಡೇನು?

ಅವರು ‘ನಮಗೆ ಅನುಮತಿ ಇದೆ’ ಅನ್ನುವ ಕಾರಣ ಕೊಟ್ಟು ಕ್ಲೇಮನ್ನು ಪ್ರಶ್ನಿಸಿದರು. 5 ದಿನದೊಳಗೆ ಪ್ರಶ್ನಿಸಿದರೆ ಕ್ಲೇಮ್ ಬಿದ್ದ ದಿನದಿಂದಲೂ ಬರುವ ದುಡ್ಡನ್ನು ಯೂಟ್ಯೂಬ್ ಯಾರಿಗೂ ಕೊಡದೆ ಪಕ್ಕಕ್ಕಿಡುತ್ತದೆ. ಉತ್ತರ ಕೊಡಲು ಎದುರಿನವರಿಗೆ 30 ದಿನ. ಅಷ್ಟು ದಿನ ಕತ್ತಿಯ ಕೆಳಗೆ ಕೂರುವುದು ಬೇಡ ಅಂತ ಅವರು ವಿಡಿಯೊವನ್ನು ಪ್ರೈವೇಟ್ ಮಾಡಿದರು. ಅಲ್ಲಿಂದ ನಿಜವಾದ ಜಗಳ ಶುರುವಾಯಿತು.

ಪ್ಲಾಟ್‌ಫಾರ್ಮಿನ ಯಂತ್ರ ಆಗಾಗ ಲಿಂಕ್‌ಗಳನ್ನು ಪರೀಕ್ಷಿಸುತ್ತದೆ. ಲಿಂಕ್ ತೆರೆಯಲಿಲ್ಲ. ‘ಒಪ್ಪಿ ಹಾಕಲಿಲ್ಲ’ ಅಂತ ಚಾನೆಲ್‌ನ ದಾಖಲೆಯಲ್ಲಿ ಬರೆದುಕೊಂಡಿತು. ನನ್ನ ಕ್ರೆಡಿಟ್‌ನಿಂದ ಅವರಿಗೆ ಸಂದಾಯವಾದ ಹಣ ಹಿಂದಕ್ಕೆ ಹೋಯಿತು, ರೇಟಿಂಗ್ ಇಳಿಯಿತು. ಚಾನೆಲ್‌ನವರು ದೂರು ಕೊಟ್ಟರು. ಅವರ ವಾದ ಹೀಗಿತ್ತು: ನಾವು ಹಾಕಿದ್ದೇವೆ. ನಿಮ್ಮ ಫಾರ್ಮಿನಲ್ಲೇ ‘ಈ ಹಾಡಿನ ಹಕ್ಕು ನನ್ನದು, ಕ್ಯುರೇಟರ್ ಇದನ್ನು ಹಂಚಬಹುದು’ ಅಂತ ಕಲಾವಿದರು ಟಿಕ್ ಮಾಡಿದ್ದಾರೆ. ಅದನ್ನು ನಂಬಿ ಹಾಕಿದೆವು. ಕ್ಲೇಮ್ ಬಿದ್ದರೆ ಹೊಣೆ ನಿಮ್ಮದು. ಪ್ಲಾಟ್‌ಫಾರ್ಮ್ ಒಪ್ಪಲಿಲ್ಲ. ಆ ಟಿಕ್ ನಿಮ್ಮಿಬ್ಬರ ನಡುವಿನ ಮಾತು, ನಾವು ಬರೀ ತಲುಪಿಸುವವರು. ನಮ್ಮ ನಿಯಮ ಒಂದೇ, ಲಿಂಕ್ ಇದೆಯೋ ಇಲ್ಲವೋ. ಇಲ್ಲ ಅಂದಮೇಲೆ ಕಲಾವಿದರ ಕ್ರೆಡಿಟ್ ಮರಳಿಸುತ್ತೇವೆ.

ಹೀಗೆ ಕ್ರೆಡಿಟ್ ಮರಳಿಸುವ ಪತ್ರ ನನಗೆ ಬಂತು. ಒಪ್ಪಿಗೆ ಅಂತ ಒತ್ತಿದರೆ ಮುಗಿಯಿತು. ಅಷ್ಟರಲ್ಲಿ ಚಾನೆಲ್‌ನವರ ಪತ್ರವೂ ಬಂತು. ನೀವು ಅದನ್ನು ಒತ್ತಿದರೆ ನಾವು ಹಾಡು ಹಾಕಲಿಲ್ಲ ಅಂತ ನೀವೇ ಸಾಕ್ಷಿ ಹೇಳಿದಂತೆ, ದಯವಿಟ್ಟು ಒತ್ತಬೇಡಿ. ಒತ್ತದಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ನನ್ನ ಈ ಸಬ್ಮಿಷನ್ ತೀರ್ಮಾನವಾಗದೆ ಹಾಗೇ ಉಳಿಯುತ್ತಿತ್ತು.

ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ವೋ ಮಾರಾಯ, ಹಾಡು ನಮ್ದು, ಜಗಳ ಅವರದ್ದು. ಇದರಲ್ಲಿ ನಮ್ಮನ್ನ ಯಾರಾದ್ರೂ ಏನಾದ್ರೂ ಕೇಳಿದಾರಾ?” ಅಂದರು.

“ಒತ್ತಬೇಕಾ ಬೇಡ್ವಾ ಅಂತ ಮಾತ್ರ ಕೇಳಿದಾರೆ ಮೇಷ್ಟ್ರೇ.”

“ಹಂಗಾದ್ರೆ ಒತ್ತಬೇಡ. ಏನಾಯ್ತು ಅಂತ ಇಬ್ಬರಿಗೂ ಒಟ್ಟಿಗೆ ಬರೆದು ಕಳ್ಸು. ಒಂದೇ ಪತ್ರ, ಇಬ್ಬರೂ ಓದಲಿ.”

ನಲವತ್ತು ಮಕ್ಕಳ ತರಗತಿಗಳನ್ನು ಸಂಭಾಳಿಸಿದ ಮೇಷ್ಟ್ರ ಬುದ್ಧಿ ಅದು. ಅಲ್ಲಿಯವರೆಗೆ ಎಲ್ಲರೂ ಬಿಡಿಬಿಡಿಯಾಗಿ ಬರೆಯುತ್ತಿದ್ದರು. ಪ್ಲಾಟ್‌ಫಾರ್ಮಿಗೆ ಡಿಸ್ಟ್ರಿಬ್ಯೂಟರ್ ಹೇಳಿದ್ದು ಗೊತ್ತಿರಲಿಲ್ಲ, ಚಾನೆಲ್‌ಗೆ ಪ್ಲಾಟ್‌ಫಾರ್ಮಿನ ಒಳಗಿನ ಮಾತು ಗೊತ್ತಿರಲಿಲ್ಲ. ನಾನು ಒಂದೇ ಪತ್ರ ಬರೆದೆ. ಹಕ್ಕು ಯಾರದು, ಅನುಮತಿ ಯಾವತ್ತು ಕೊಟ್ಟೆ, ವೈಟ್‌ಲಿಸ್ಟ್ ಯಾವತ್ತು ಕೇಳಿದೆ, ವಿಡಿಯೊ ಯಾವತ್ತು ಬಂತು, ಕ್ಲೇಮ್ ಯಾವತ್ತು ಬಿತ್ತು, ಎಲ್ಲವನ್ನೂ ತಾರೀಖಿನ ಪ್ರಕಾರ ಹಾಕಿದೆ. ಕ್ಲೇಮಿನಲ್ಲಿರುವ ಕಂಪನಿ ನನ್ನ ಡಿಸ್ಟ್ರಿಬ್ಯೂಟರ್ ಪರವಾಗಿ ಕೆಲಸ ಮಾಡುವುದು, ಹಾಡನ್ನು ಯಾರಿಗೂ ಮಾರಿಲ್ಲ ಅಂತ ಬರೆದೆ. ಐಎಸ್‌ಆರ್‌ಸಿ ಸಂಖ್ಯೆ, ಡಿಸ್ಟ್ರಿಬ್ಯೂಟರ್‌ನ ಇಮೇಲ್ ಜೊತೆಗಿಟ್ಟೆ. ಡಿಸ್ಟ್ರಿಬ್ಯೂಟರ್‌ಗೆ ಬೇರೆಯಾಗಿ, ಈ ವಿಡಿಯೊ ಮೇಲಿನ ಕ್ಲೇಮ್ ಬಿಡಿ ಅಂತ ವಿಡಿಯೊ ಲಿಂಕ್ ಹಾಕಿ ಕೇಳಿದೆ. ಇದು ವೈಟ್‌ಲಿಸ್ಟಿಗಿಂತ ಬೇರೆ ಮನವಿ, ಗೊತ್ತಿರಲಿ. ವೈಟ್‌ಲಿಸ್ಟ್ ಇಡೀ ಚಾನೆಲ್‌ಗೆ, ಮುಂದಿನದಕ್ಕೆ. ಈಗಾಗಲೇ ಬಿದ್ದ ಕ್ಲೇಮನ್ನು ಬಿಡಿಸಲು ಆ ವಿಡಿಯೊ ಹೆಸರಲ್ಲೇ ಕೇಳಬೇಕು.

ಕ್ಲೇಮ್ ಬಿಟ್ಟಿತು. ಪಕ್ಕಕ್ಕಿಟ್ಟಿದ್ದ ದುಡ್ಡು ಚಾನೆಲ್‌ಗೆ ಹೋಯಿತು. ವಿಡಿಯೊ ಮತ್ತೆ ಎಲ್ಲರಿಗೂ ಕಾಣುವಂತಾಯಿತು. ಆದರೆ ಹೊಸ ಹಾಡು ಬಂದ ಮೊದಲ ದಿನಗಳ ಬಿಸಿ ಹೋಗಿತ್ತು. ಚಂದಾದಾರರಿಗೆ ಹೋಗುವ ಸೂಚನೆ ಮೊದಲ ಸಲವೇ ಹೋಗಿ ಮುಗಿದಿತ್ತು. ಅದಕ್ಕೆ ಪರಿಹಾರ ಯಾರ ಬಳಿಯೂ ಇಲ್ಲ. ಪ್ಲಾಟ್‌ಫಾರ್ಮಿನವರು ನನ್ನ ಪತ್ರ ಓದಿ ಚಾನೆಲ್‌ನ ದಾಖಲೆಯಿಂದ ಆ ಗುರುತನ್ನು ತೆಗೆದರು. ಹಿಂದಕ್ಕೆ ಹೋದ ಹಣವನ್ನು ಮಾತ್ರ ಕೊಡಲಿಲ್ಲ, ನಿಯಮದಲ್ಲಿ ಜಾಗವಿಲ್ಲ ಅಂದರು. ಮೊತ್ತ ಸಣ್ಣದು. ಆದರೂ ಚಾನೆಲ್‌ನವರಿಗೆ ಅದು ನ್ಯಾಯದ ವಿಷಯ ಆಗಿತ್ತು. ಅವರು ಪ್ಲಾಟ್‌ಫಾರ್ಮ್ ಬಿಟ್ಟರು. ತಮ್ಮದೇ ಫಾರ್ಮ್ ಮಾಡಿಕೊಂಡು ನೇರವಾಗಿ ಹಾಡು ಪಡೆಯಲು ಶುರು ಮಾಡಿದರು.

ನನಗೂ ಆ ಫಾರ್ಮ್ ಕಳಿಸಿದರು, ಮುಂದಿನ ಹಾಡಿಗೆ. ಓದಿದೆ. ಪ್ಲಾಟ್‌ಫಾರ್ಮಿನ ಒಂದು ಸಾಲಿನ ಟಿಕ್ ಜಾಗದಲ್ಲಿ ಈಗ ಎರಡು ಪುಟ. ಜಗತ್ತಿನಾದ್ಯಂತ, ಎಂದೆಂದಿಗೂ, ಜಾಹೀರಾತಿನ ಪೂರ್ತಿ ದುಡ್ಡು ಅವರಿಗೆ, ಹಾಡನ್ನು ಬೇರೆ ಸಂಕಲನಗಳಲ್ಲೂ ಬಳಸಬಹುದು. ಅವರು ಕೆಟ್ಟವರಲ್ಲ. ಪೆಟ್ಟು ತಿಂದಿದ್ದರು, ಬೇಲಿ ಹಾಕಿಕೊಂಡಿದ್ದರು. ಆದರೆ ಆ ಬೇಲಿ ನಮ್ಮ ಜಮೀನಿನೊಳಗೇ ಬಂದಿತ್ತು.

ಇಲ್ಲಿ ನಮ್ಮ ಕಾಯ್ದೆ ಕೈ ಹಿಡಿಯುತ್ತದೆ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಡುವಾಗ ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಅಂತ ಹೇಳಬೇಕು. ಕಾಲ ಹೇಳದಿದ್ದರೆ 5 ವರ್ಷ ಅಂತಲೂ, ಪ್ರದೇಶ ಹೇಳದಿದ್ದರೆ ಭಾರತ ಅಂತಲೂ ಲೆಕ್ಕ. ಲೈಸೆನ್ಸಿಗೂ ಇದು ಅನ್ವಯಿಸುತ್ತದೆ ಅಂತ 30ಎ ಸೆಕ್ಷನ್ ಹೇಳುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ಸಾಹಿತ್ಯ ಬರೆದವರು, ಸಂಗೀತ ಮಾಡಿದವರು ತಮ್ಮ ರಾಯಲ್ಟಿ ಪಾಲನ್ನು ಬಿಟ್ಟುಕೊಡುತ್ತೇವೆ ಅಂತ ಸಹಿ ಹಾಕಿದರೂ ಅದು ನಿಲ್ಲುವುದಿಲ್ಲ. ಯುರೋಪಿನ ಚಾನೆಲ್ಲನ್ನು ಶಿವಮೊಗ್ಗದ ಕೋರ್ಟಿಗೆ ಎಳೆಯಲು ನಾನು ಹೊರಟಿರಲಿಲ್ಲ. ಆದರೆ ಯಾವ ಪ್ರಶ್ನೆ ಕೇಳಬೇಕು ಅನ್ನುವುದಕ್ಕೆ ಆ ಸೆಕ್ಷನ್ ಒಳ್ಳೆಯ ಪಟ್ಟಿ. ಅದನ್ನೇ ಇಟ್ಟುಕೊಂಡು ನಾನೇ ಅರ್ಧ ಪುಟದ ಪತ್ರ ಬರೆದು ಕಳಿಸಿದೆ. ಒಂದು ಹಾಡು, ಒಂದು ಚಾನೆಲ್, ಒಂದು ವಿಡಿಯೊ. ಎರಡು ವರ್ಷ, ಆಮೇಲೆ ಮಾತಾಡೋಣ. ಜಾಹೀರಾತಿನ ದುಡ್ಡು ನಿಮ್ಮದು. ಬೇರೆ ಸಂಕಲನಕ್ಕೆ ಬೇಕಾದರೆ ಮತ್ತೆ ಕೇಳಿ. ಹಾಡನ್ನು ನಿಮ್ಮ ಹೆಸರಲ್ಲಿ ಕಂಟೆಂಟ್ ಐಡಿಗೆ ಹಾಕುವಂತಿಲ್ಲ. ವೈಟ್‌ಲಿಸ್ಟ್ ಆಯಿತು ಅಂತ ನಾನು ಲಿಖಿತವಾಗಿ ತಿಳಿಸುವವರೆಗೆ ಅಪ್‌ಲೋಡ್ ಬೇಡ. ವಿವರಣೆಯ ಮೊದಲ ಸಾಲಿನಲ್ಲಿ ಸಾಹಿತ್ಯ ಬರೆದವರ ಹೆಸರು ಇರಬೇಕು.

ಎಲ್ಲಕ್ಕೂ ಒಪ್ಪಿದರು. ಮೇಷ್ಟ್ರೂ ಸಹಿ ಹಾಕಿದರು. ಆ ಹಾಡು ಬಂದಾಗ ಯಾವ ಕ್ಲೇಮೂ ಬೀಳಲಿಲ್ಲ.

ಪ್ಲಾಟ್‌ಫಾರ್ಮನ್ನೂ ನಾನು ಬಿಟ್ಟಿಲ್ಲ. ಚಾನೆಲ್‌ಗಳ ಬಾಗಿಲಿಗೆ ನಮ್ಮಂಥವರಿಗೆ ಅದೇ ದಾರಿ, ಹೊರಗೆ ದುಡ್ಡು ಕೇಳುವವರನ್ನು ಹಿಡಿಯುವುದೂ ಅದೇ. ಅವರಿಗೆ ಎರಡು ಖಾನೆ ಸೇರಿಸಿ ಅಂತ ಬರೆದಿದ್ದೇನೆ. ಹಾಡು ಕಳಿಸುವಾಗಲೇ ‘ಕಂಟೆಂಟ್ ಐಡಿ ಇದೆಯೇ’ ಅಂತ ಒಂದು, ಇದ್ದರೆ ‘ಈ ಚಾನೆಲ್ ವೈಟ್‌ಲಿಸ್ಟ್ ಆಗಿದೆಯೇ’ ಅಂತ ಇನ್ನೊಂದು. ಎರಡನೆಯದಕ್ಕೆ ಹೌದು ಅಂತ ಬರುವವರೆಗೆ ಚಾನೆಲ್‌ನ ಗಡುವು ಓಡಬಾರದು. ಭಾಷೆಯ ಪಟ್ಟಿಗೆ ಕನ್ನಡವನ್ನೂ ಸೇರಿಸಿ ಅಂತ ಕೇಳಿದ್ದೇನೆ. ಪರಿಶೀಲಿಸುತ್ತೇವೆ ಅಂದಿದ್ದಾರೆ. ನೀವು ಯಾವುದೇ ಪ್ಲಾಟ್‌ಫಾರ್ಮಿಗೆ ಹಾಡು ಕಳಿಸುತ್ತಿದ್ದರೂ ಅಲ್ಲಿನ ಸಪೋರ್ಟ್‌ಗೆ ಇದನ್ನೇ ಬರೆಯಿರಿ. ಒಬ್ಬರು ಕೇಳುವುದಕ್ಕೂ ಹತ್ತು ಜನ ಕೇಳುವುದಕ್ಕೂ ವ್ಯತ್ಯಾಸ ಇದೆ.